ಮಂಗಳವಾರದ ಅಳು

ಈಚೆಗೆ ಮಗ ನನ್ನನ್ನು ಮೈಸೂರಿನಲ್ಲಿ ಒಂದು ಶಿಬಿರಕ್ಕೆ ಕರೆದುಕೊಂಡು ಹೋಗಿದ್ದ. ಗಂಡಸರಿಗೆಂದೇ ಮಾಡಿದ ಶಿಬಿರವಂತೆ. ಚಾಪೆಯ ಮೇಲೆ ಒಂದಷ್ಟು ಗಂಡಸರು ಕಣ್ಣು ಮುಚ್ಚಿಕೊಂಡು ಕೂತಿದ್ದರು. ಬಿಳಿ ಜುಬ್ಬದವನೊಬ್ಬ ಮೈಕು ಹಿಡಿದು, ಒಳಗೆ ಏನಿದೆಯೋ ಬಿಟ್ಟುಬಿಡಿ, ಅಳು ಬಂದರೆ ಅತ್ತುಬಿಡಿ, ಅದೂ ಧ್ಯಾನವೇ ಎಂದು ಬೆಣ್ಣೆಯಂಥ ದನಿಯಲ್ಲಿ ಹೇಳುತ್ತಿದ್ದ. ಹತ್ತು ನಿಮಿಷಕ್ಕೆಲ್ಲ ನನ್ನ ಪಕ್ಕದಲ್ಲಿದ್ದ ದಪ್ಪ ಮೀಸೆಯ ಆಸಾಮಿ ಬಿಕ್ಕತೊಡಗಿದ. ಯಾರೂ ಅವನ ಮೇಲೆ ಅರಿಶಿನದ ನೀರು ಎರಚಲಿಲ್ಲ, ಅವನ ಕಾಲಿಗೆ ಬೀಳಲಿಲ್ಲ. ಒಬ್ಬ ಬಂದು ಮೂಗು ಒರೆಸಿಕೊಳ್ಳಲು ತೆಳ್ಳನೆಯ ಕಾಗದ ಕೊಟ್ಟು ಹೋದ, ಅಷ್ಟೆ. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹೊರಗೆ ಬಂದೆ. ಮಗ ಹಿಂದೆಯೇ ಓಡಿ ಬಂದು ಯಾಕಪ್ಪ ಎಂದ. ಮಂಡಿ ನೋವು ಎಂದೆ. ಮಂಡಿ ನೋವಲ್ಲ, ಹೊಟ್ಟೆಕಿಚ್ಚು.

ನಾನು ದೊಡ್ಡವನಾದ ಮೇಲೆ ಅತ್ತಿರುವುದು ಎರಡು ವರ್ಷ ಮಾತ್ರ. ಅದೂ ಮಂಗಳವಾರಗಳಲ್ಲಿ, ಅದೂ ನನ್ನ ಹೆಸರಿನಲ್ಲಲ್ಲ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಹುಣಸೂರು ತಾಲ್ಲೂಕಿನಲ್ಲಿ, ಗುರುಪುರದ ಕಡೆ ನಮ್ಮೂರು. ಆಗ ನಮ್ಮ ಸೀಮೆಗೆ ಹೊಗೆಸೊಪ್ಪಿನ ಹುಚ್ಚು ಹಿಡಿದಿತ್ತು. ಅಣ್ಣ, ನಾನು ಸೇರಿ ಹೊಲದ ಬದುವಿನಲ್ಲಿ ಒಂದು ಬ್ಯಾರನ್ನು ಕಟ್ಟಿಸಿದ್ದೆವು. ಬ್ಯಾರನ್ನು ಎಂದರೆ ಕಿಟಕಿಯಿಲ್ಲದ ಎತ್ತರದ ಮಣ್ಣಿನ ಗೂಡು. ಒಳಗೆ ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಸಾಲಾಗಿ ನೇತುಹಾಕಿ, ಹೊರಗಿನಿಂದ ಒಲೆ ಉರಿಸಿ, ಐದಾರು ದಿನ ಬಿಸಿಯಲ್ಲಿ ಬೇಯಿಸಬೇಕು. ಗೋಡೆಯಲ್ಲಿ ಅಂಗೈಯಗಲದ ಗಾಜು. ಅದರೊಳಗೆ ಥರ್ಮಾಮೀಟರು. ಶಾಖ ಬೇಗ ಏರಿದರೆ ಸೊಪ್ಪು ಹಸಿರಾಗಿಯೇ ಉಳಿಯುತ್ತದೆ, ತಡವಾದರೆ ಕಪ್ಪಾಗುತ್ತದೆ. ಎರಡನೆಯ ದಿನದಿಂದ ಮೂರನೆಯ ದಿನದವರೆಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ಆ ಗಾಜಿಗೆ ಮೂಗು ಒತ್ತಿ ಅಂಕಿ ಓದುವುದರಲ್ಲಿ ನನ್ನ ಸಮ ಯಾರೂ ಇಲ್ಲ ಎಂಬ ಜಂಬ ನನಗೆ.

ನಮಗೊಬ್ಬಳು ಮಗಳು. ಮೂರು ವರ್ಷ. ಶ್ರಾವಣದ ಒಂದು ಭಾನುವಾರ ಮೋಡ ಕವಿದಿತ್ತು, ಆದರೂ ನನ್ನ ಹೆಂಡತಿ ಮಗುವಿಗೆ ಎಣ್ಣೆ ಒತ್ತಿ ತಲೆಗೆ ನೀರು ಹಾಕಿದಳು. ಸಂಜೆಗೆ ಜ್ವರ ಬಂತು. ಸೋಮವಾರ ಬೆಳಿಗ್ಗೆ ಅವಳು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬ್ಯಾರನ್ನಿನ ಹತ್ತಿರಕ್ಕೇ ಬಂದಳು.

"ಮೈ ಕೆಂಡದಂಗೆ ಸುಡ್ತಾ ಐತೆ. ಉಣಸೂರಿಗೆ ಓಗಾನ ಏಳಿ" ಎಂದಳು.

ನಾನು ಮಗುವಿನ ಹಣೆ ಮುಟ್ಟಿ ನೋಡಿದೆ. ಅಂಗೈ ಆಗಲೇ ಒಲೆಯ ಮುಂದೆ ಕಾದಿತ್ತು. ನನಗೆ ಅಂಥ ಬಿಸಿಯೇನೂ ತಿಳಿಯಲಿಲ್ಲ. "ನಾಳೆ ಮಧ್ಯಾನ ಓಗಾನ. ಸೊಪ್ಪು ಬಣ್ಣ ತಿರುಗೋ ಒತ್ತು ಕಣೇ, ಈಗ ಬುಟ್ಟು ಓದ್ರೆ ಎಲ್ಲಾ ಓಯ್ತದೆ" ಎಂದೆ.

ಒಲೆಗೆ ಸೌದೆ ಹಾಕುತ್ತಿದ್ದ ಆಳು ತಲೆ ಎತ್ತಿದ. ವೀರನಹೊಸಹಳ್ಳಿಯ ಆಚೆಗೆ, ಕಾಡಿನಂಚಿನ ಗಿರಿಜನರ ಹಾಡಿಯವನು. ನಮ್ಮಲ್ಲಿ ನಾಲ್ಕು ವರ್ಷದಿಂದ ಒಲೆ ಉರಿಸುತ್ತಿದ್ದ. "ನೀವು ಮಗೀನ ಎತ್ಕಂಡ್ ಓಗಿ ಗೌಡ್ರೆ. ಬ್ಯಾರನ್ನು ನಾನ್ ನೋಡ್ಕತೀನಿ" ಎಂದ.

"ನಿಂಗೆ ಅಂಕಿ ಓದಕ್ಕೆ ಬತ್ತದೇನ್ಲಾ?" ಎಂದೆ.

ಅವನು ಒಲೆಗೆ ಇನ್ನೊಂದು ಸೌದೆ ನೂಕಿದ. ಹೆಂಡತಿ ಇನ್ನೊಂದು ಸಲ ಅಂಗಲಾಚಿದಳು. ನಾನು ಗಾಜಿಗೆ ಮುಖ ಕೊಟ್ಟೆ. ಅವಳು ಬದುವಿನ ಮೇಲೆ ಮಗುವನ್ನು ಹೊತ್ತು ವಾಪಸು ಹೋದದ್ದನ್ನು ನಾನು ನೋಡಲಿಲ್ಲ, ನನ್ನ ಕಣ್ಣು ಪಾದರಸದ ಮೇಲಿತ್ತು.

ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಮಗು ಕಣ್ಣು ಬಿಡುವುದನ್ನೇ ನಿಲ್ಲಿಸಿತ್ತು. ಆಗ ಎದ್ದುಬಿದ್ದು ಓಡಿದೆವು. ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಸೂಜಿ ಚುಚ್ಚಿ, ನನ್ನೊಬ್ಬನನ್ನು ಬಾಗಿಲಾಚೆಗೆ ಕರೆದರು. "ನಿನ್ನೆ ಕರೆದುಕೊಂಡು ಬಂದಿದ್ದರೆ ಉಳಿಸಬಹುದಿತ್ತು" ಎಂದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೆಂಡತಿ ಒಳಗೆ ಮಗುವಿನ ಕಾಲು ತಿಕ್ಕುತ್ತಿದ್ದಳು, ಅವಳಿಗೆ ಈ ಮಾತು ಕೇಳಲಿಲ್ಲ. ಡಾಕ್ಟರು ಏನಂದರು ಎಂದು ಕೇಳಿದಳು. "ನೋಡಾನ ಅಂದ್ರು" ಎಂದೆ. ಬುಧವಾರ ಬೆಳಿಗ್ಗೆ ಮಗು ಹೋಯಿತು.

ಸತ್ತ ಮಗುವನ್ನು ಬಸ್ಸಿಗೆ ಹತ್ತಿಸುವುದಿಲ್ಲ. ನಮಗದು ಗೊತ್ತಿತ್ತು. ನಮ್ಮೂರ ದಾರಿಯಾಗಿ ಹ್ಯಾಂಡ್‌ಪೋಸ್ಟ್ ಕಡೆಗೆ ಹೋಗುವ ಬಸ್ಸಿಗೆ, ಮಗುವನ್ನು ಹೆಗಲಿಗೆ ಹಾಕಿಕೊಂಡು, ತಲೆಯ ಮೇಲೆ ಟವಲು ಹೊದಿಸಿ, ನಿದ್ದೆ ಮಾಡಿದೆ ಎಂಬಂತೆ ಹತ್ತಿದೆ. ಹೆಂಡತಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕಿಟಕಿಯ ಪಕ್ಕ ಮುದುಡಿ ಕೂತಳು. ಎದುರಿಗಿದ್ದ ಹೆಂಗಸೊಬ್ಬಳು, "ಏನ್ ನಿದ್ದೆ ಮಾಡ್ತದಪ್ಪ ಮಗಾ, ಇಷ್ಟೊಂದು ಕುಲುಕಿದ್ರೂ ಏಳಾಕಿಲ್ಲ" ಎಂದು ನಕ್ಕಳು. ನಾನೂ ನಕ್ಕೆ. ಅಳು ಗಂಟಲಿಗೆ ಬಂದಿತ್ತು. ಅತ್ತರೆ ನಡುದಾರಿಯಲ್ಲಿ ಇಳಿಸುತ್ತಾರೆ ಎಂದು ಅದನ್ನು ಉಗುಳಿನ ಜೊತೆ ನುಂಗಿದೆ. ಊರಿನ ದಾರಿಯಲ್ಲಿ ಇಳಿದ ಕೂಡಲೇ ಹೆಂಡತಿ ನೆಲಕ್ಕೆ ಬಿದ್ದು ಎದೆ ಬಡಿದುಕೊಂಡು ಅತ್ತಳು. ನಾನೂ ಅಳೋಣವೆಂದು ನಿಂತೆ. ನುಂಗಿದ್ದು ಮೇಲೆ ಬರಲಿಲ್ಲ.

ಗುಂಡಿ ತೋಡುವಾಗ ಅಣ್ಣ ನನ್ನ ಭುಜ ಹಿಡಿದುಕೊಂಡು, "ಅಳಬ್ಯಾಡ ಕಣ್ಲಾ. ನೀನು ಕಣ್ಣೀರು ಆಕುದ್ರೆ ಆ ಮಗಾ ಇಂದಕ್ಕೆ ತಿರುಗಿ ನೋಡ್ತದೆ. ಗಂಡಸು ಗಟ್ಟಿಯಾಗಿರ್ಬೇಕು" ಎಂದ. ಅಳುವವನಿಗೆ ಹೇಳುವ ಮಾತು ಅದು. ನಾನು ಆಗಲೇ ಕಲ್ಲಾಗಿದ್ದೆ.

ಅಲ್ಲಿಂದ ನೇರವಾಗಿ ಬ್ಯಾರನ್ನಿಗೆ ಹೋದೆ. ಎಲ್ಲ ಹಾಳಾಗಿರುತ್ತದೆ ಎಂದುಕೊಂಡಿದ್ದೆ, ಹಾಳಾಗಿರಲಿ ಎಂದೂ ಬೇಡಿಕೊಂಡಿದ್ದೆ. ಹಾಡಿಯವನು ಎದ್ದು ನಿಂತ. ಗಾಜಿನಿಂದ ನೋಡಿದರೆ ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಂಥ ಬಣ್ಣ ನನ್ನ ಕೈಯಲ್ಲಿ ಒಂದು ಸಲವೂ ಬಂದಿರಲಿಲ್ಲ. ಹೇಗೆ ನೋಡಿಕೊಂಡೆ ಎಂದು ಕೇಳಿದೆ. ಅವನು ಅಂಗೈಯನ್ನು ಗೋಡೆಗೆ ಒತ್ತಿ ತೋರಿಸಿದ. "ಇಂಗೆ ಮುಟ್ಟಿ ನೋಡ್ತಿದ್ದೆ ಗೌಡ್ರೆ" ಎಂದ. ಆಮೇಲೆ ಮುಖ ಆಚೆ ತಿರುಗಿಸಿಕೊಂಡು ಗೊಳೋ ಎಂದು ಅತ್ತುಬಿಟ್ಟ. ನನ್ನ ಮಗಳಿಗೆ ಅವನು ಕಾಡಿನಿಂದ ಕಾರೆಹಣ್ಣು ತಂದುಕೊಡುತ್ತಿದ್ದ.

ಅಲ್ಲಿಗೆ ನನಗೆ ಎಲ್ಲ ತಿಳಿಯಿತು. ಸೋಮವಾರವೇ ಹೋಗಿದ್ದರೂ ಸೊಪ್ಪು ಉಳಿಯುತ್ತಿತ್ತು, ಮಗುವೂ ಉಳಿಯುತ್ತಿತ್ತು. ಇದನ್ನು ಬಲ್ಲವನು ಪ್ರಪಂಚದಲ್ಲಿ ನಾನೊಬ್ಬನೇ. ಮನೆಗೆ ಬಂದರೆ, ಸೂತಕಕ್ಕೆ ಬಂದ ಹೆಂಗಸರು ನನ್ನ ಹೆಂಡತಿಯನ್ನು ಸುತ್ತುವರಿದು ಕೂತು, "ಮೋಡದ ದಿನ ಎಳೆ ಮಗೀಗೆ ತಲೆಗೆ ನೀರು ಆಕ್ತಾರೇನವ್ವ?" ಎಂದು ಕೇಳುತ್ತಿದ್ದರು. ಅವಳು ತಲೆ ತಗ್ಗಿಸಿಕೊಂಡಿದ್ದಳು. ನಾನು ಜಗುಲಿಯ ಮೇಲೆ ಕೂತು ಕೇಳಿಸಿಕೊಂಡೆ. ಎದ್ದು ಹೋಗಿ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ.

ನಮ್ಮೂರ ಅಮ್ಮನ ಗುಡಿಯಲ್ಲಿ ಮಂಗಳವಾರ ಮಧ್ಯಾಹ್ನ ಪೂಜೆ. ಅಮ್ಮ ಗಂಡಸಿನ ಮೈಮೇಲೆಯೇ ಬರುವುದು ನಮ್ಮಲ್ಲಿ ವಾಡಿಕೆ. ಮೈಮೇಲೆ ಬಂದಾಗ ಅವನಿಗೆ ಅರಿಶಿನ ಬಳಿದು, ಕೈಗೆ ಬೆತ್ತ, ಬೇವಿನ ಸೊಪ್ಪು ಕೊಡುತ್ತಾರೆ. ಊರವರು ಅವನನ್ನು ತಾಯಿ ಎಂದೇ ಕರೆದು ಕಷ್ಟಸುಖ ಕೇಳುತ್ತಾರೆ. ಅಮ್ಮ ಇಳಿದ ಮೇಲೆ ಅವನಿಗೆ ಏನೂ ನೆನಪಿರುವುದಿಲ್ಲ, ನೆನಪಿರಲೂಬಾರದು. ಮನೆಯವರು ಅವನಿಗೆ ನೀರು ಕುಡಿಸಿ, ಇವತ್ತು ಅಮ್ಮ ಹೀಗೆ ಹೀಗೆ ಹೇಳಿದಳು ಎಂದು ತಿಳಿಸಬೇಕು. ಅಮ್ಮ ಬರುತ್ತಿದ್ದ ಮುದುಕ ಸತ್ತು ಎರಡು ವರ್ಷವಾಗಿತ್ತು. ಅಮ್ಮ ಇನ್ನೂ ಯಾರನ್ನೂ ಹಿಡಿದಿರಲಿಲ್ಲ.

ಸೂತಕ ಕಳೆದ ಮೇಲಿನ ಮೊದಲ ಮಂಗಳವಾರ ಅಣ್ಣ ನನ್ನನ್ನು ಗುಡಿಗೆ ಎಳೆದುಕೊಂಡು ಹೋದ. ತಮಟೆ ಬಡಿಯುತ್ತಿದ್ದರು. ಧೂಪದ ಹೊಗೆ ಕಣ್ಣಿಗೆ ಬಂತು. ಕಣ್ಣಿಂದ ಒಂದು ಹನಿ ಇಳಿಯಿತು. ಅದು ಹೊಗೆಯಿಂದಲೇ. ಅದರ ಹಿಂದೆ ಬಂದದ್ದು ಹೊಗೆಯಿಂದ ಬಂದದ್ದಲ್ಲ. ಹಲ್ಲು ಕಚ್ಚಿಕೊಂಡವು, ಬಸ್ಸಿನಲ್ಲಿ ನುಂಗಿದ್ದೆಲ್ಲ ಹೊಟ್ಟೆಯ ಅಡಿಯಿಂದ ಎದ್ದು ಬಂತು. ಬಾಯಿ ತೆರೆದು ಕೂಗಿದೆ. ಅದು ಮಾತಲ್ಲ, ದನ ಕೂಗಿದಂಥ ಕೂಗು. ನೆಲದಲ್ಲಿ ಬಿದ್ದು ಹೊರಳಾಡಿದೆ.

"ಬಂದ್ಳು! ಅಮ್ಮ ಬಂದ್ಳು!" ಎಂದು ಜನ ಎದ್ದು ನಿಂತರು.

ಅಲ್ಲ ಎನ್ನಲು ನನಗೆ ಉಸಿರಿರಲಿಲ್ಲ. ಪೂಜಾರಿ ಅರಿಶಿನದ ನೀರು ಎರಚಿ ಕೈಗೆ ಬೆತ್ತ ತುರುಕಿದ. ಅಣ್ಣ, ಗಟ್ಟಿಯಾಗಿರು ಎಂದಿದ್ದ ಆ ಅಣ್ಣ, ನನ್ನ ಕಾಲು ಹಿಡಿದು, "ತಾಯಿ, ನಿನ್ನ ಕಣ್ಣಲ್ಲಿ ನೀರು ಯಾಕೆ ತಾಯಿ?" ಎಂದು ತಾನೂ ಅತ್ತ. ಗುಡಿಯ ತುಂಬ ಗಂಡಸರು ಅಳುತ್ತಿದ್ದರು. ಅಮ್ಮ ಅತ್ತರೆ ಯಾರು ಬೇಕಾದರೂ ಅಳಬಹುದು.

ಅದು ಬರೀ ಸುಳ್ಳೇ ಎಂದರೆ ಅದೂ ಸುಳ್ಳಾಗುತ್ತದೆ. ಮೊದಲ ದಿನ ನಾನು ಏನನ್ನೂ ನಟಿಸಲಿಲ್ಲ. ಆಮೇಲಾಮೇಲೆ ಆ ಬಾಗಿಲು ಎಲ್ಲಿದೆ ಎಂದು ಗೊತ್ತಾಯಿತು, ತಮಟೆ ಮೊದಲಾಗುತ್ತಿದ್ದಂತೆ ಹೋಗಿ ತಳ್ಳುತ್ತಿದ್ದೆ. ಒಮ್ಮೊಮ್ಮೆ ಆಚೆ ನಿಜವಾಗಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು, ನನ್ನನ್ನು ಮಡಿಲಿಗೆ ಎಳೆದುಕೊಂಡ ಹಾಗೆ. ಆ ನೆಮ್ಮದಿಯನ್ನು ನಾನು ಈಗಲೂ ಅಲ್ಲಗಳೆಯಲಾರೆ. ಆದರೆ ಜನ ಹೇಳಿದ್ದೆಲ್ಲ ನನಗೆ ಕೇಳುತ್ತಿತ್ತು, ನಾನು ಆಡಿದ್ದೆಲ್ಲ ನೆನಪಿರುತ್ತಿತ್ತು. ಮನೆಗೆ ಬಂದು ಅಣ್ಣ ವರದಿ ಒಪ್ಪಿಸಿದಾಗ "ಅಂಗಂದ್ಳಾ?" ಎಂದು ಬೆಪ್ಪನ ಹಾಗೆ ಕೇಳುತ್ತಿದ್ದೆ. ಈ ಅಮ್ಮ ಬಲು ಕರುಣಾಮಯಿ, ಅಳುತ್ತಾಳೆ ಎಂದು ಪಿರಿಯಾಪಟ್ಟಣದಿಂದ, ಕೆ.ಆರ್. ನಗರದ ಕಡೆಯಿಂದ ಕೂಡ ಜನ ಬರತೊಡಗಿದರು. ಹೆಚ್ಚಾಗಿ ಗಂಡಸರು. ಕಳೆದುಹೋದ ಎತ್ತಿನ ಮಾತು ಎತ್ತಿಕೊಂಡು ಬಂದವರು ಕೊನೆಗೆ ತಮ್ಮ ಎದೆಯಲ್ಲಿದ್ದುದನ್ನು ಕಾರಿಕೊಂಡು, ಮೂಗು ಒರೆಸಿಕೊಂಡು, ಹೊರಗೆ ಹೋಗಿ ಬೀಡಿ ಹಚ್ಚಿ ಏನೂ ಆಗದವರ ಹಾಗೆ ನಿಲ್ಲುತ್ತಿದ್ದರು.

ಮನೆಯಲ್ಲಿ ನಾನು ಮೂಕ. ಮಗಳ ಸುದ್ದಿ ಎತ್ತುತ್ತಿರಲಿಲ್ಲ. ಹೆಂಡತಿ ಎತ್ತಿದರೆ ಎದ್ದು ಹೊಲಕ್ಕೆ ಹೋಗುತ್ತಿದ್ದೆ. ಗುಡಿಗೆ ಬಂದರೂ ಅವಳೊಬ್ಬಳು ಮಾತ್ರ ಕಂಬದ ಹಿಂದೆ ನಿಲ್ಲುತ್ತಿದ್ದಳು, ಮುಂದೆ ಬಂದು ಏನೂ ಕೇಳುತ್ತಿರಲಿಲ್ಲ.

ಎರಡು ವರ್ಷದ ಮೇಲೆ, ಮತ್ತೆ ಶ್ರಾವಣದಲ್ಲಿ, ಒಂದು ಮಂಗಳವಾರ ಅವಳು ಕರ್ಪೂರದ ತಟ್ಟೆ ಹಿಡಿದು ಸರದಿಯಲ್ಲಿ ನಿಂತಳು. ಅವಳ ಮುಂದೆ ಮೂವರಿದ್ದರು. ಅವಳನ್ನು ಕಂಡ ಗಾಬರಿಯಲ್ಲಿ ಅವರಿಗೆ ನಾನು ಏನು ಹೇಳಿದೆನೋ ತಿಳಿಯದು. ಅವಳು ಬಂದು ನನ್ನ ಕಾಲ ಬಳಿ ಕೂತಳು. ನನ್ನ ಮುಖ ನೋಡಿದಳು. ಆ ನೋಟದಲ್ಲಿ ನಾನಿರಲಿಲ್ಲ, ಅರಿಶಿನ ಬಳಿದ ಅಮ್ಮನೇ ಇದ್ದಳು.

"ತಾಯಿ, ಒಂದೇ ಮಾತು. ಮೋಡ ಇತ್ತು, ನಾನು ಮಗೀಗೆ ತಲೆಗೆ ನೀರು ಆಕ್ದೆ. ಅದ್ಕೇ ಓಯ್ತಾ ನನ್ ಮಗಾ? ಎಲ್ರೂ ಅಂಗೇ ಅಂತಾರೆ. ನನ್ ಗಂಡ ಬಾಯಿ ಬುಡಾಕಿಲ್ಲ. ಅವನೂ ಅಂಗೇ ಅಂದ್ಕಂಡವ್ನೆ, ಅದ್ಕೇ ನನ್ ಕುಟೆ ಮಾತಾಡಾಕಿಲ್ಲ" ಎಂದಳು.

ಎರಡು ವರ್ಷ ಅವಳು ಹಾಗೆ ತಿಳಿದುಕೊಂಡಿದ್ದಳು. ನನ್ನ ಮೌನವನ್ನು ತನಗೆ ಕೊಟ್ಟ ಶಿಕ್ಷೆ ಎಂದುಕೊಂಡಿದ್ದಳು! ನನಗೆ ತಡೆಯಲಾಗಲಿಲ್ಲ. ಅಮ್ಮನ ಬಾಯಿ ಇದೆಯಲ್ಲ, ಅದರಿಂದಲೇ ಹೇಳಿಬಿಡೋಣ ಎನ್ನಿಸಿತು.

"ನಿನ್ ತಪ್ಪಲ್ಲ ಕಣವ್ವ. ನೀರಿಂದ ಓಗ್ಲಿಲ್ಲ. ನಿನ್ ಗಂಡನಿಂದ ಓಯ್ತು. ಸೋಮವಾರ ನೀನು ಅಂಗಲಾಚಿದೆ. ಅವನು ಸೊಪ್ಪು ಕಾಯ್ತಾ ಕುಂತ. ಇನ್ನೊಬ್ಬ ನೋಡ್ಕತೀನಿ ಅಂದ್ರೂ ಕೇಳ್ಲಿಲ್ಲ. ಒಂದಿನ ಮುಂಚೆ ತಂದಿದ್ರೆ ಉಳೀತಿತ್ತು ಅಂತ ಡಾಕ್ಟ್ರು ಅವನ್ಗೇ ಏಳವ್ರೆ. ನಿಂಗೆ ಮುಚ್ಚಿಟ್ಟವ್ನೆ."

ತಮಟೆಯವನು ಕೈ ನಿಲ್ಲಿಸಿದ. ಹೆಂಡತಿ ನಿಧಾನವಾಗಿ ಎದ್ದು ನಿಂತಳು.

"ಸಾಕು, ಸುಮ್ಕಿರು ತಾಯಿ" ಎಂದಳು. ಅವಳ ದನಿ ಅಷ್ಟು ಗಟ್ಟಿಯಾಗಿದ್ದುದನ್ನು ನಾನು ಕೇಳಿರಲಿಲ್ಲ. "ನನ್ ಮಗೀನ ತಕ್ಕಂಡೆ. ಈಗ ನನ್ ಗಂಡನ ಮ್ಯಾಲೆ ಆಕ್ತಾ ಇದ್ದೀಯಾ? ಅವನು ಸತ್ತ ಮಗೀನ ಎದೆಗವಚ್ಕಂಡು ಬಸ್ಸಲ್ಲಿ ಕುಂತಿದ್ದಾಗ ಅವನ ಮಕ ನೋಡಿದ್ದೀಯಾ ನೀನು? ನಾನು ನೋಡಿವ್ನಿ. ಅಂತವನ ಮ್ಯಾಲೆ ಇಂತ ಸುಳ್ಳು ಏಳಕ್ಕೆ ನಿಂಗೆ ಬಾಯಾದ್ರೂ ಎಂಗೆ ಬಂತು?"

ತಟ್ಟೆಯನ್ನು ಅಲ್ಲೇ ಕುಕ್ಕಿ ಹೊರಟುಹೋದಳು. ಕರ್ಪೂರ ನೆಲದ ಮೇಲೆ ಉರಿಯುತ್ತಲೇ ಇತ್ತು. ತಪ್ಪಾಯ್ತು ತಾಯಿ, ತಪ್ಪಾಯ್ತು ಎಂದು ಜನ ಕೆನ್ನೆ ಬಡಿದುಕೊಂಡರು. ಅಣ್ಣ ನನಗೆ ನೀರು ಕುಡಿಸಿ ಮನೆಗೆ ಕರೆತಂದ. ಆವತ್ತು ಅವನು ವರದಿ ಒಪ್ಪಿಸಲಿಲ್ಲ. "ಇವತ್ತು ಅಮ್ಮ ಏನೇನೋ ಅಂದ್ಳು, ಬುಡು ಅತ್ಲಾಗಿ" ಎಂದಷ್ಟೇ ಹೇಳಿ ತನ್ನ ಮನೆಗೆ ಹೋದ.

ನಾನು ಅರಿಶಿನ ತೊಳೆದುಕೊಂಡು ಊಟಕ್ಕೆ ಕೂತೆ. ಹೆಂಡತಿ ಮುದ್ದೆ ಇಟ್ಟಳು, ಸಾರಿನ ಪಾತ್ರೆ ತಂದು ಎದುರಿಗೆ ಕೂತಳು. ಕಣ್ಣು ಕೆಂಪಗಿದ್ದವು.

"ಇವತ್ತು ಅಮ್ಮನ್ನ ಕೇಳ್ದೆ. ಅವಳು ನಿಮ್ ಮ್ಯಾಲೆ ಏಳುದ್ಲು. ಡಾಕ್ಟ್ರು ನಿಮ್ಗೆ ಏನೋ ಅಂದಿದ್ರಂತೆ, ನೀವು ನಂಗೆ ಏಳ್ಲಿಲ್ವಂತೆ. ನಾನು ನಂಬ್ಲಿಲ್ಲ. ಬೈದ್ಬುಟ್ಟೆ" ಎಂದಳು. ಸೌಟು ಕೈಯಲ್ಲೇ ಇತ್ತು. ಸಾರು ಬಡಿಸದೆ ನನ್ನ ಮುಖ ನೋಡುತ್ತ ಕೂತಳು.

ಎಷ್ಟು ಹೊತ್ತು ಹಾಗೆ ಕೂತಿದ್ದಳೋ. ಬಡಿಸಲು ಅಷ್ಟು ಹೊತ್ತು ಬೇಕಿಲ್ಲ. ಅವಳಿಗೆ ಎಲ್ಲ ತಿಳಿದಿತ್ತೇ, ಅರಿಶಿನದ ಹಿಂದೆ ನಾನೇ ಮಾತಾಡಿದ್ದೆಂದು ಗೊತ್ತಿದ್ದೇ ಈ ಮಾತು ಎತ್ತಿದಳೇ, ಈಗಲಾದರೂ ನಿನ್ನ ಬಾಯಿಂದ ಹೇಳು ಎಂದು ಕಾಯುತ್ತಿದ್ದಳೇ? ಐವತ್ತು ವರ್ಷದಿಂದ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ. ಅಮ್ಮ ಹೇಳಿದ್ದು ನಿಜ ಎಂದರೆ ಮುಗಿಯುತ್ತಿತ್ತು. ನಾಲ್ಕು ಅಕ್ಷರವೂ ಬೇಡ, ಹೂಂ ಎಂದಿದ್ದರೆ ಸಾಕಿತ್ತು. ತುಟಿ ತೆರೆದೆ. ಅವಳು ಮುಂದಕ್ಕೆ ಬಾಗಿದಳು.

"ಸಾರು ಆಕು" ಎಂದೆ.

ಅವಳು ಸಾರು ಹಾಕಿದಳು.

ಮುಂದಿನ ಮಂಗಳವಾರ ತಮಟೆ ಬಡಿದಾಗ ನಾನು ಕಣ್ಣು ಮುಚ್ಚಿ ನಿಂತೆ. ಬಾಗಿಲು ಎಲ್ಲಿತ್ತೋ ಅಲ್ಲಿ ಗೋಡೆಯಿತ್ತು. ಧೂಪದ ಹೊಗೆಗೂ ಕಣ್ಣು ಒದ್ದೆಯಾಗಲಿಲ್ಲ. ಎರಡು ತಿಂಗಳು ಕಾದು, ಅಮ್ಮ ನನ್ನನ್ನು ಬಿಟ್ಟಳು ಎಂದು ಪೂಜಾರಿ ಸಾರಿದ. ಆವತ್ತು ಅಮ್ಮ ನನ್ನ ಮೇಲೆ ಹೇಳಿದ್ದನ್ನು ಯಾರೂ ಎತ್ತಲಿಲ್ಲ; ಹೆಂಡತಿ ಅಮ್ಮನಿಗೆ ಎದುರಾಡಿದ್ದರಿಂದ ಹೀಗಾಯಿತು ಎಂದು ಊರೆಲ್ಲ ಆಡಿಕೊಂಡಿತು. ಬಾವಿಯ ಹತ್ತಿರ ಅವಳು ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಮಗು ಹೋದದ್ದು ತನ್ನಿಂದ, ಅಮ್ಮ ಊರು ಬಿಟ್ಟದ್ದೂ ತನ್ನಿಂದ ಎಂದು ಎರಡನ್ನೂ ಅವಳು ಹೊತ್ತಳು. ಮತ್ತೆ ಗುಡಿಯ ಮೆಟ್ಟಿಲು ಹತ್ತಲಿಲ್ಲ. ದೇವರ ಮುಂದೆಯಾದರೂ ಅಳುತ್ತಿದ್ದವಳಿಗೆ ಆ ಜಾಗವನ್ನೂ ನಾನೇ ಇಲ್ಲದಂತೆ ಮಾಡಿದೆ. ಹಾಗೆಂದು ಆಗಲಾದರೂ ನಾಲ್ಕು ಜನರ ಮುಂದೆ ಹೇಳಿದೆನೇ? ಇಲ್ಲ.

ಆಮೇಲೆ ಒಬ್ಬ ಮಗ ಹುಟ್ಟಿದ, ಶಿಬಿರಕ್ಕೆ ಕರೆದುಕೊಂಡು ಹೋದವನು. ಮೋಡ ಕಂಡರೆ ಅವಳು ಅವನನ್ನು ನೀರಿನ ಹಂಡೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ನಾನು ನೋಡಿಕೊಂಡು ಸುಮ್ಮನಿರುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಅವಳು ಕಾಮಾಲೆಯಾಗಿ ಹಾಸಿಗೆ ಹಿಡಿದಳು. ಈ ಸಲ ನಾನು ಒಂದು ದಿನವೂ ತಡಮಾಡಲಿಲ್ಲ, ಮೈಸೂರಿನವರೆಗೂ ಹೊತ್ತೊಯ್ದೆ. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಕೊನೆಯ ದಿನ ಬೆಳಿಗ್ಗೆ ನಾನು ಅವಳ ಹಾಸಿಗೆಯ ಹತ್ತಿರ ಕೂತಿದ್ದೆ. ಮಗ ಹೊರಗೆ ಅಂಗಳದಲ್ಲಿ ಆಡುತ್ತಿದ್ದ. ಮಾತು ನಾಲಗೆಯ ತುದಿಗೆ ಬಂದಿತ್ತು. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದು ಅವಳ ಕೈ ಹಿಡಿದುಕೊಂಡೆ.

ಅವಳು ಕಣ್ಣು ತೆರೆದು ಬಾಗಿಲಾಚೆ ನೋಡಿದಳು. "ಮೋಡ ಆಗೈತೆ" ಎಂದಳು. "ಇವತ್ತು ಮಗೀಗೆ ತಲೆಗೆ ನೀರು ಆಕ್ಬ್ಯಾಡಿ."

"ಆಯ್ತು" ಎಂದೆ.